ಬೆರಳು ಕೊಟ್ಟರೆ ಹಸ್ತ: ಬಿಟ್ಟಿ ಕೆಲಸಕ್ಕೆ ಬೆಲೆ ಕೇಳುವುದು ಹೇಗೆ?

ಬೆಂಗಳೂರು: ‘ಇದೊಂದು ಸಣ್ಣ ತಿದ್ದುಪಡಿ ಅಷ್ಟೇ, ಮಾಡಿಕೊಟ್ಟುಬಿಡಿ’. ವಿನ್ಯಾಸಕರು, ಅನುವಾದಕರು, ವೆಬ್‌ಸೈಟ್ ರೂಪಿಸುವವರು, ಲೇಖಕರು ಮುಂತಾಗಿ ಸ್ವತಂತ್ರವಾಗಿ ದುಡಿಯುವ ಫ್ರೀಲಾನ್ಸರ್‌ಗಳಿಗೆ ಈ ಮಾತು ಹೊಸದೇನಲ್ಲ. ಸಣ್ಣ ತಿದ್ದುಪಡಿ ಎರಡಾಗಿ, ಎರಡು ಹತ್ತಾಗಿ, ಕೊನೆಗೆ ಬೆರಳು ಕೊಟ್ಟರೆ ಹಸ್ತ ನುಂಗಿದಂತಾಗುತ್ತದೆ. ಹಣ ಕೇಳಲು ದಾಕ್ಷಿಣ್ಯ. ಕೇಳಿದರೆ ಇರುವ ಕೆಲಸವೂ ಕೈತಪ್ಪೀತೆಂಬ ಭಯ. ತಿಂಗಳ ಸಂಬಳ, ಭವಿಷ್ಯನಿಧಿ, ರಜೆ ಯಾವುದೂ ಇಲ್ಲದ ಈ ವರ್ಗಕ್ಕೆ ಬಿಟ್ಟಿಯಾಗಿ ಹೋದ ಒಂದೊಂದು ದಿನವೂ ಮನೆ ಬಾಡಿಗೆಯ ಮೇಲೆ ಬೀಳುವ ಹೊಡೆತವೇ ಸರಿ.

ಹಾಗೆ ಮಾಡಿಕೊಟ್ಟ ಹೆಚ್ಚುವರಿ ಕೆಲಸಕ್ಕೆ ನಂತರ ಹಣ ಕೇಳಬಹುದೇ? ಕಾನೂನು ಏನು ಹೇಳುತ್ತದೆ? ಸಂಬಂಧ ಕೆಡದಂತೆ ಮಾತು ತೆಗೆಯುವುದು ಹೇಗೆ?

ಮೊದಲು ಲೆಕ್ಕ

ಒಂದು ಉದಾಹರಣೆ ನೋಡೋಣ. ವಿನ್ಯಾಸಕಿಯೊಬ್ಬರು ಒಂದು ಕಂಪೆನಿಯ ಕಿರುಹೊತ್ತಿಗೆ ಸಿದ್ಧಪಡಿಸಲು 30,000 ರೂಪಾಯಿಗೆ ಒಪ್ಪಿದ್ದಾರೆ. ಅವರ ಅಂದಾಜು 60 ಗಂಟೆಗಳ ಕೆಲಸ. ಅಂದರೆ ಗಂಟೆಗೆ 500 ರೂಪಾಯಿ. ಕಂಪೆನಿಯವರು ನಡುವೆ ಎಂಟು ಪುಟ ಸೇರಿಸಿದರು, ಒಪ್ಪಿಗೆಯಾದ ಮುಖಪುಟವನ್ನು ಮೂರು ಬಾರಿ ಬದಲಿಸಿದರು. ಕೆಲಸ 100 ಗಂಟೆಗೆ ಏರಿತು. ಈಗ ಅವರಿಗೆ ದಕ್ಕಿದ್ದು ಗಂಟೆಗೆ 300 ರೂಪಾಯಿ ಮಾತ್ರ. ಒಪ್ಪಿಕೊಂಡ ದರದಲ್ಲಿ 20,000 ರೂಪಾಯಿ ಮೌಲ್ಯದ ದುಡಿಮೆ ಬಿಟ್ಟಿಯಾಯಿತು.

ಮಾತುಕತೆಗೆ ಮುನ್ನ ಇಂಥ ಲೆಕ್ಕ ಕೈಯಲ್ಲಿರುವುದು ಅಗತ್ಯ. ಮೂಲ ಒಪ್ಪಂದದಲ್ಲಿ ಏನಿತ್ತು, ಯಾವ ದಿನಾಂಕದಂದು ಯಾರು ಏನನ್ನು ಹೆಚ್ಚಿಗೆ ಕೇಳಿದರು, ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬ ಮೂರು ಕಾಲಂಗಳ ಪಟ್ಟಿ ಸಾಕು. ‘ತುಂಬಾ ಕೆಲಸವಾಯಿತು’ ಎಂಬ ಅಳಲಿಗಿಂತ ಈ ಪಟ್ಟಿಗೆ ಹೆಚ್ಚು ತೂಕವಿದೆ. ತಮ್ಮದೇ ತಪ್ಪಿನಿಂದಾದ ತಿದ್ದುಪಡಿಗಳನ್ನು ಪ್ರಾಮಾಣಿಕವಾಗಿ ಪಟ್ಟಿಯಿಂದ ಹೊರಗಿಡಬೇಕು.

ಕಾನೂನಿನ ಬಲ

ಲಿಖಿತ ಕರಾರು ಇಲ್ಲದಿದ್ದರೆ ಏನೂ ಮಾಡುವಂತಿಲ್ಲ ಎಂಬುದು ತಪ್ಪು ಕಲ್ಪನೆ. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಂ ಈ ಸಂದರ್ಭಕ್ಕೆ ಹೊಂದುತ್ತದೆ. ಒಬ್ಬರು ಇನ್ನೊಬ್ಬರಿಗಾಗಿ ನ್ಯಾಯಸಮ್ಮತವಾಗಿ ಕೆಲಸ ಮಾಡಿ, ಅದನ್ನು ಪುಕ್ಕಟೆಯಾಗಿ ಮಾಡುವ ಉದ್ದೇಶ ಹೊಂದಿರದೆ, ಇನ್ನೊಬ್ಬರು ಅದರ ಲಾಭ ಪಡೆದಿದ್ದರೆ, ಲಾಭ ಪಡೆದವರು ಪರಿಹಾರ ನೀಡಬೇಕೆಂಬುದು ಅದರ ಸಾರ. ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ಅಂಡ್ ಸನ್ಸ್ ನಡುವಣ ಪ್ರಕರಣದಲ್ಲಿ 1961ರಲ್ಲಿ ಸುಪ್ರೀಂ ಕೋರ್ಟ್ ಇದೇ ಕಲಮಿನ ಆಧಾರದ ಮೇಲೆ ಗುತ್ತಿಗೆದಾರರ ಪರ ತೀರ್ಪಿತ್ತಿತು. ವಿಧಿವತ್ತಾದ ಕರಾರು ಇಲ್ಲದಿದ್ದರೂ ಅಧಿಕಾರಿಗಳ ಕೋರಿಕೆಯಂತೆ ಕಟ್ಟಿದ ಕಟ್ಟಡವನ್ನು ಸರ್ಕಾರ ಬಳಸಿಕೊಂಡಿದ್ದುದರಿಂದ ಹಣ ಕೊಡಲೇಬೇಕು ಎಂಬುದು ನ್ಯಾಯಾಲಯದ ನಿಲುವಾಗಿತ್ತು.

ಆದರೆ ಇದಕ್ಕೆ ಮಿತಿಯೂ ಇದೆ. ಯಾರೂ ಕೇಳದ ಕೆಲಸವನ್ನು ತಾವಾಗಿಯೇ ಮಾಡಿ ಬಿಲ್ ಕಳಿಸುವಂತಿಲ್ಲ. ‘ಎಷ್ಟು ತಿದ್ದುಪಡಿಯಾದರೂ ಇದೇ ದರ’ ಎಂದು ಕರಾರಿನಲ್ಲಿ ಸಹಿ ಹಾಕಿದ್ದರೂ ದಾರಿ ಕಷ್ಟ. ‘ಪರವಾಗಿಲ್ಲ, ಇದಕ್ಕೇನೂ ಬೇಡ’ ಎಂದು ಸಂದೇಶ ಕಳಿಸಿದ್ದರಂತೂ ಅದೇ ಎದುರು ಸಾಕ್ಷಿಯಾಗುತ್ತದೆ.

ಅದೇ ಕಾಯ್ದೆಯ 25ನೇ ಕಲಂ ಸಹ ಗಮನಾರ್ಹ. ತನಗಾಗಿ ಸ್ವಇಚ್ಛೆಯಿಂದ ಈಗಾಗಲೇ ಮಾಡಿದ ಕೆಲಸಕ್ಕೆ ಹಣ ಕೊಡುವುದಾಗಿ ಒಬ್ಬರು ಆ ಬಳಿಕ ಮಾತು ಕೊಟ್ಟರೆ ಆ ಮಾತೂ ಕಾನೂನುಬದ್ಧ. ಆದ್ದರಿಂದ ಮಾತುಕತೆಯ ಕೊನೆಯಲ್ಲಿ ‘ಸರಿ, ಇಷ್ಟು ಕೊಡುತ್ತೇವೆ’ ಎಂಬ ಒಂದು ಸಾಲಿನ ಉತ್ತರವನ್ನು ಇಮೇಲ್ ಮೂಲಕ ಪಡೆಯುವುದು ಜಾಣತನ. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ.

ಮಾತು ತೆಗೆಯುವ ಬಗೆ

ಕೆಲಸದ ಕಡತವನ್ನೆಲ್ಲ ಒಪ್ಪಿಸಿದ ನಂತರ ಕೇಳುವುದಕ್ಕಿಂತ, ಮುಂದಿನ ಹಂತ ಆರಂಭಿಸುವ ಮೊದಲು ಕೇಳುವುದು ಸೂಕ್ತ. ಆಗ ಎರಡೂ ಕಡೆಯವರಿಗೆ ಪರಸ್ಪರರ ಅಗತ್ಯ ಇರುತ್ತದೆ. ಸಿಟ್ಟು, ಆಪಾದನೆ ಬೇಡ. ಪತ್ರ ಹೀಗಿರಬಹುದು:

‘ಮಾನ್ಯರೇ, ನಾವು ಒಪ್ಪಿಕೊಂಡಿದ್ದು 24 ಪುಟಗಳು ಹಾಗೂ ಎರಡು ಸುತ್ತಿನ ತಿದ್ದುಪಡಿ. ತಮ್ಮ ಕೋರಿಕೆಯಂತೆ ಈಗ ಅದು 32 ಪುಟ, ಐದು ಸುತ್ತು ಆಗಿದೆ. ವಿವರ ಲಗತ್ತಿಸಿದ್ದೇನೆ. ಇದಕ್ಕೆ 20,000 ರೂಪಾಯಿ ಹೆಚ್ಚುವರಿಯಾಗುತ್ತದೆ. ಮೊತ್ತ ಹೆಚ್ಚಿಸಲು ಸಾಧ್ಯವಿಲ್ಲದಿದ್ದರೆ ಉಳಿದ ಕೆಲಸವನ್ನು ಅದಕ್ಕೆ ತಕ್ಕಂತೆ ಕಡಿತಗೊಳಿಸೋಣ. ತಮ್ಮ ಉತ್ತರ ಬಂದ ಮೇಲೆ ಮುಂದಿನ ಹಂತ ಆರಂಭಿಸುತ್ತೇನೆ’.

ಇಲ್ಲಿ ಗ್ರಾಹಕರ ಮುಂದೆ ಎರಡು ಆಯ್ಕೆಗಳಿವೆ, ‘ಇಲ್ಲ’ ಎನ್ನುವುದಷ್ಟೇ ಅವರ ದಾರಿಯಲ್ಲ. ಅವರು ಚೌಕಾಸಿ ಮಾಡಿದರೆ ಎಲ್ಲಿಯವರೆಗೆ ಇಳಿಯಬಹುದೆಂಬುದನ್ನು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿರಬೇಕು. ಹಳೆಯ ಬಾಕಿಯಲ್ಲಿ ರಿಯಾಯಿತಿ ನೀಡುವುದಾದರೆ, ಬದಲಿಗೆ ಮುಂದಿನ ಕೆಲಸಗಳಿಗೆ ಮುಂಗಡ ಮತ್ತು ತಿದ್ದುಪಡಿಯ ಮಿತಿಯನ್ನು ಕೇಳಿ ಪಡೆಯಬಹುದು. ರಿಯಾಯಿತಿ ಕೊಟ್ಟಾಗಲೂ ಬಿಲ್‌ನಲ್ಲಿ ಪೂರ್ಣ ಮೊತ್ತ ಬರೆದು, ಕೆಳಗೆ ರಿಯಾಯಿತಿ ತೋರಿಸುವುದು ಒಳ್ಳೆಯದು. ಇಲ್ಲವಾದರೆ ಇಳಿದ ದರವೇ ಕಾಯಂ ದರವಾಗಿಬಿಡುತ್ತದೆ.

ಮಾತಿಗೆ ಬಗ್ಗದಿದ್ದರೆ?

ಸಣ್ಣ ಉದ್ಯಮವೆಂದು ನೋಂದಣಿ ಮಾಡಿಸಿಕೊಂಡ ಫ್ರೀಲಾನ್ಸರ್‌ಗಳಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ನೆರವಾಗುತ್ತದೆ. 2020ರ ಜುಲೈ 1ರಿಂದ ಜಾರಿಯಲ್ಲಿರುವ ‘ಉದ್ಯಮ್’ ನೋಂದಣಿಯನ್ನು ಒಬ್ಬರೇ ನಡೆಸುವ ವೃತ್ತಿಗೂ ಪಡೆಯಬಹುದು, ಶುಲ್ಕವಿಲ್ಲ. ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಲೆಕ್ಕ ಹಾಕುವ ಚಕ್ರಬಡ್ಡಿ. ವಿವಾದವನ್ನು ಕಾಯ್ದೆಯಡಿ ರಚಿತವಾದ ಸೌಲಭ್ಯ ಮಂಡಳಿಗೆ ಒಯ್ಯಬಹುದು. ಮಂಡಳಿಯ ತೀರ್ಪು ರದ್ದುಪಡಿಸಲು ಕೋರುವ ಗ್ರಾಹಕ ಸಂಸ್ಥೆ ಮೊದಲು ಶೇ 75ರಷ್ಟು ಹಣ ಠೇವಣಿ ಇಡಬೇಕು.

ಆದರೆ ಬಾಯಾರಿದಾಗ ಬಾವಿ ತೋಡಿದಂತಾಗಬಾರದು. ಕೆಲಸ ಮುಗಿದ ನಂತರ ಮಾಡಿಸಿದ ನೋಂದಣಿ ಹಿಂದಿನ ಕೆಲಸಕ್ಕೆ ಅನ್ವಯಿಸುವುದಿಲ್ಲವೆಂದು 2021ರಲ್ಲಿ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಮೊದಲೇ ನೋಂದಾಯಿಸಿಕೊಳ್ಳುವುದು ಕ್ಷೇಮ.

ಬರಹಗಾರರಿಗೆ ಮತ್ತು ತಂತ್ರಾಂಶ ರೂಪಿಸುವವರಿಗೆ ಇನ್ನೊಂದು ಬಲವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ನೌಕರರಲ್ಲದವರು ಬರೆದ ಲೇಖನ ಅಥವಾ ತಂತ್ರಾಂಶದ ಮೊದಲ ಒಡೆತನ ಸಾಮಾನ್ಯವಾಗಿ ಬರೆದವರದೇ. ಸಹಿ ಮಾಡಿದ ಪತ್ರದ ಮೂಲಕವಲ್ಲದೆ ಹಕ್ಕು ವರ್ಗಾವಣೆಯಾಗದು. ‘ಪೂರ್ತಿ ಹಣ ಪಾವತಿಯಾದ ಬಳಿಕವೇ ಹಕ್ಕು ವರ್ಗಾವಣೆ’ ಎಂಬ ಷರತ್ತನ್ನು ಆರಂಭದಲ್ಲೇ ಸೇರಿಸಬಹುದು.

ಮಾಡಿದ ಕೆಲಸದ ಬಾಕಿಗಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ಮೂರು ವರ್ಷಗಳ ಅವಕಾಶ ನೀಡುತ್ತದೆ. ಆದರೆ ಕೆಲವೇ ಸಾವಿರ ರೂಪಾಯಿಗಾಗಿ ಕೋರ್ಟು ಮೆಟ್ಟಿಲು ಹತ್ತುವುದು ಎಲ್ಲರಿಗೂ ಲಾಭದಾಯಕವಲ್ಲ. ಹಾಗಾಗಿ ಮುಂದಿನ ಸಲ ‘ಸಣ್ಣ ತಿದ್ದುಪಡಿ’ಯ ಕರೆ ಬಂದಾಗ, ಕೆಲಸಕ್ಕೆ ಕೈ ಹಾಕುವ ಮೊದಲೇ ‘ಆಗಲಿ, ಇದಕ್ಕೆ ಇಷ್ಟಾಗುತ್ತದೆ’ ಎಂದು ಎರಡು ಸಾಲು ಬರೆದು ಕಳಿಸಿ. ಉತ್ತರ ಬರುವವರೆಗೆ ಕಡತ ತೆರೆಯಬೇಡಿ.