ಎರಡನೇ ಮೆಟ್ಟಿಲಿನ ಬಕ

ಮಿರ್ಜಾನದ ಆ ಹಿತ್ತಲಿನ ಹೊಂಡಕ್ಕೆ ಚಿರೆಕಲ್ಲಿನ ನಾಲ್ಕು ಮೆಟ್ಟಿಲು. ಎರಡನೇ ಮೆಟ್ಟಿಲ ಮೇಲೆ ನಾಲ್ಕು ಬೆರಳಷ್ಟು ನೀರು. ಬೆಳಗಿನ ಆರೂಕಾಲಿಗೆ ಕೊಳದ ಬಕವೊಂದು ಅಲ್ಲಿ ನಿಂತಿತ್ತು. ಕುತ್ತಿಗೆ ಹೆಗಲೊಳಗೆ, ಮೈಬಣ್ಣ ಒಣಗಿದ ತೆಂಗಿನ ಸಿಪ್ಪೆಯದು. ನೋಡನೋಡುತ್ತ ಕುತ್ತಿಗೆ ಒಮ್ಮೆಲೇ ಮುಂದೆ ಚಿಮ್ಮಿತು, ಕಿತ್ತಳೆ ಬಣ್ಣದ ಮೀನೊಂದು ಕೊಕ್ಕಿನಲ್ಲಿ ಅಡ್ಡಡ್ಡ ಒದ್ದಾಡಿತು. ಹಕ್ಕಿ ಅದನ್ನು ತಿರುಗಿಸಿ, ತಲೆ ಮೊದಲಾಗಿ ನುಂಗಿತು. ಹಾಗೆ ನುಂಗಿದರೆ ಮೀನಿನ ಈಜುರೆಕ್ಕೆಯ ಮುಳ್ಳು ಗಂಟಲಿಗೆ ಚುಚ್ಚದೆ ಮಡಚಿಕೊಳ್ಳುತ್ತದೆ.

“ದಿನಾ ಇದೇ ಹೊತ್ತಿಗೆ ಬರ್ತದೆ ಮಾಸ್ತರ್ರೇ. ಇದಕ್ಕೆ ಹೊತ್ತು ಯಾರು ಹೇಳಿಕೊಟ್ರೋ” ಎಂದರು ಹೊಂಡದ ಯಜಮಾನರು. ಬೇಸರದಲ್ಲಿ ಆಡಿದ ಮಾತಾದರೂ ಒಳ್ಳೆಯ ವಿಜ್ಞಾನದ ಪ್ರಶ್ನೆ ಅದು. ಉತ್ತರ ಸಿಕ್ಕಿದ್ದು ಹಕ್ಕಿಯಲ್ಲಲ್ಲ, ಹೊಂಡದಲ್ಲಿ.

ಹೊಂಡದ ನೀರೂ ಉಸಿರಾಡುತ್ತದೆ. ಹಗಲು ಪಾಚಿ, ಜಲಸಸ್ಯಗಳು ಬಿಸಿಲು ಕುಡಿದು ನೀರಿಗೆ ಆಮ್ಲಜನಕ ಬಿಡುತ್ತವೆ. ಕತ್ತಲಾದ ಮೇಲೆ ಆ ಕೆಲಸ ನಿಲ್ಲುತ್ತದೆ, ಉಸಿರಾಟ ಮಾತ್ರ ನಿಲ್ಲುವುದಿಲ್ಲ. ಮೀನು, ಪಾಚಿ, ತಳದ ಕೆಸರಿನಲ್ಲಿ ಕೊಳೆಯುವ ಎಲೆ, ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಎಲ್ಲವೂ ರಾತ್ರಿಯಿಡೀ ಆಮ್ಲಜನಕ ಬಳಸುತ್ತಲೇ ಇರುತ್ತವೆ. ಹಾಗಾಗಿ ನೀರಲ್ಲಿ ಆಮ್ಲಜನಕ ಅತಿ ಕಡಿಮೆಯಾಗುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ. ಸೆಖೆಗಾಲದಲ್ಲಿ ಇದು ಇನ್ನೂ ಕೆಡುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. ಉಸಿರುಗಟ್ಟಿದ ಮೀನು ಮೇಲಕ್ಕೆ ಬಂದು ಬಾಯಿ ತೆರೆದು, ಗಾಳಿ ತಾಗುವ ತೆಳು ಪದರದ ನೀರನ್ನು ಹೀರುತ್ತದೆ. ಬಕ ಬರುವುದೂ ಆಗಲೇ. ಯಜಮಾನರ ಹೊಂಡದಲ್ಲಿ ಆ ಬೆಳಿಗ್ಗೆ ಹತ್ತಾರು ಬಾಯಿಗಳು ಮೇಲೆ ತೇಲುತ್ತಿದ್ದವು. ಹೊತ್ತು ಹೇಳಿಕೊಟ್ಟದ್ದು ಅವೇ.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಹಕ್ಕಿ ಮೀನು ಒಯ್ಯುತ್ತಿದೆ ಎಂದಾಗ ನಾವು ಕಲ್ಲು, ಪಟಾಕಿ, ಬಲೆ ಹುಡುಕುತ್ತೇವೆ. ನಾನು ನೋಡಿದ ಹೆಚ್ಚಿನ ಹೊಂಡಗಳಲ್ಲಿ ದೋಷ ಇದ್ದದ್ದು ಹೊಂಡದ ಕಟ್ಟೋಣದಲ್ಲಿ, ನೀರಿನ ಆರೋಗ್ಯದಲ್ಲಿ. ಅವೆರಡನ್ನು ತಿದ್ದಿದರೆ ಹಕ್ಕಿಗೆ ಅಲ್ಲಿ ಕೆಲಸವೇ ಇರುವುದಿಲ್ಲ.

ಅಲ್ಲದೆ ಮಿರ್ಜಾನದಲ್ಲಿ ಕುಳಿತು ಹಕ್ಕಿಯನ್ನು ಓಡಿಸಿ ಮುಗಿಸುತ್ತೇನೆ ಎನ್ನುವುದು ಆಗದ ಮಾತು. ಶಿರಸಿಯ ಕಡೆಯಿಂದ ಒಂದೂ ಅಣೆಕಟ್ಟಿಲ್ಲದೆ ಇಳಿದು ಬರುವ ಅಘನಾಶಿನಿ ಇಲ್ಲಿ ಅಗಲವಾಗಿ, ಉಪ್ಪಾಗಿ, ಭರತ-ಇಳಿತದ ಲೆಕ್ಕಕ್ಕೆ ಒಗ್ಗಿ ತದಡಿಯಲ್ಲಿ ಕಡಲು ಸೇರುತ್ತದೆ. ಅದರ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ 2024ರ ಜನವರಿ ಕೊನೆಯಲ್ಲಿ ಬಂತು. ಕಾಂಡ್ಲಾ ಗಿಡ, ಬಳಚು ತೆಗೆಯುವ ಕೆಸರು ದಿಬ್ಬ, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆದು ಆಮೇಲೆ ಶೆಟ್ಲಿ, ಮೀನು ಹಿಡಿಯುವ ಗಜನಿ ಎಲ್ಲವೂ ಹಕ್ಕಿಗಳಿಗೆ ಊಟದ ಮನೆ. ಘಟ್ಟದ ಮೇಲೆ ಸೋಂದಾ ಹತ್ತಿರದ ಮುಂಡಿಗೆಕೆರೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟಿ ಮರಿ ಮಾಡುತ್ತವೆ. ನಮ್ಮ ಹಿತ್ತಲಿನ ಹೊಂಡ ಇಂಥ ದೊಡ್ಡ ಹಕ್ಕಿನಾಡಿನ ನಡುವೆ ಇರುವ ಒಂದು ಚಿಕ್ಕ ಬಟ್ಟಲು. ಒಂದು ಬಕವನ್ನು ಓಡಿಸಿದರೆ ನಾಳೆ ಇನ್ನೊಂದು ಬರುತ್ತದೆ.

ಬಂದ ಹಕ್ಕಿ ಯಾವುದು ಎಂದು ಗುರುತಿಸುವುದು ಒಳ್ಳೆಯದು, ಏಕೆಂದರೆ ಬೈಗುಳ ತಿನ್ನುವ ಹಲವು ಹಕ್ಕಿಗಳು ನಿರಪರಾಧಿಗಳು. ದನದ ಬೆನ್ನ ಹಿಂದೆ ಓಡಾಡುವ ಗೋವಕ್ಕಿಗೆ ಮಿಡತೆಯೇ ಮುಖ್ಯ ಆಹಾರ. ಕರೆಂಟ್ ತಂತಿಯ ಮೇಲೆ ಕೂತು ಕೂಗುವ ಬಿಳಿಗೊರಳಿನ ಮಿಂಚುಳ್ಳಿ ಮೀನಿಗಿಂತ ಹುಳು, ಹಲ್ಲಿ, ಏಡಿಗಳನ್ನೇ ಹೆಚ್ಚು ಹಿಡಿಯುತ್ತದೆ. ಗರುಡ ಬಹುಮಟ್ಟಿಗೆ ಎತ್ತಿಕೊಳ್ಳುವುದು ಮೇಲೆ ತೇಲುವ, ಸಾಯುತ್ತಿರುವ ಇಲ್ಲವೇ ಸತ್ತ ಮೀನನ್ನು. ಹಿತ್ತಲಿನ ಹೊಂಡಕ್ಕೆ ನಿಜವಾದ ಬೇಟೆಗಾರರೆಂದರೆ ಬಕ, ಬೆಳ್ಳಕ್ಕಿಗಳ ಬಳಗ. ಹೊಂಡ ದೊಡ್ಡದಿದ್ದರೆ ನೀರುಕಾಗೆಯೂ ಸೇರುತ್ತದೆ. ಅದು ದಡದಲ್ಲಿ ಕಾಯುವುದಿಲ್ಲ, ಮುಳುಗಿ ಅಟ್ಟಿಸಿಕೊಂಡು ಹೋಗುತ್ತದೆ. ಅದರ ಗರಿಯ ಹೊರಭಾಗ ನೀರು ಹೀರಿಕೊಂಡು ಮೈಯ ತೇಲುವ ಗುಣವನ್ನು ತಗ್ಗಿಸುವುದರಿಂದ ಮುಳುಗುವುದು ಸುಲಭ. ಮೇಲೆ ಬಂದು ರೆಕ್ಕೆ ಬಿಚ್ಚಿ ಒಣಗಿಸುವುದು ಅದಕ್ಕಾಗಿಯೇ. ದೊಡ್ಡ ನೀರುಕಾಗೆಗೆ ದಿನಕ್ಕೆ ಹತ್ತಿರಹತ್ತಿರ ಅರ್ಧ ಕಿಲೋ ಮೀನು ಬೇಕು.

ಬಕದ ಗುರಿಗಾರಿಕೆಯ ಹಿಂದೆ ಸೊಗಸಾದ ಬೆಳಕಿನ ಗಣಿತವಿದೆ. ನೀರಿಂದ ಗಾಳಿಗೆ ಬರುವ ಬೆಳಕು ಬಾಗುತ್ತದೆ. ಕೊಡಪಾನದ ನೀರಲ್ಲಿಟ್ಟ ಸೌಟು ಮುರಿದಂತೆ ಕಾಣುವುದು ಇದರಿಂದಲೇ. ನೇರ ಮೇಲಿಂದ ನೋಡಿದರೆ 40 ಸೆಂಟಿಮೀಟರ್ ಆಳದ ಮೀನು 30ರಲ್ಲಿ ಇದ್ದಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಮೋಸ ಇನ್ನೂ ಹೆಚ್ಚು. ಮೀನು ಕಂಡಲ್ಲಿಗೇ ಕೊಕ್ಕು ಹಾಕಿದರೆ ಬಕ ಉಪವಾಸ ಬೀಳಬೇಕು. ಇಸ್ರೇಲಿನ ಗಾಡಿ ಕಾಟ್ಸಿರ್ ಮತ್ತು ನಾಥನ್ ಇಂಟ್ರೇಟರ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಕ್ಕಿ ಈ ತಪ್ಪನ್ನು ತಾನೇ ತಿದ್ದಿಕೊಳ್ಳುವುದು ಕಂಡುಬಂತು. ಹೊಡೆಯುವ ಮುನ್ನ ಅದು ತಲೆಯನ್ನು ಒಂದು ತಕ್ಕ ಕೋನಕ್ಕೆ ತಂದುಕೊಂಡು, ಕಂಡ ಆಳಕ್ಕೂ ನಿಜ ಆಳಕ್ಕೂ ಇರುವ ವ್ಯತ್ಯಾಸ ಹಿಡಿತದಲ್ಲಿ ಇರುವಂತೆ ನೋಡಿಕೊಳ್ಳುತ್ತದೆ. ಅವರು ಬಳಸಿದ್ದು ಕಡಲತೀರದ ಬೂದುಗಪ್ಪು ಬೆಳ್ಳಕ್ಕಿಯ ಜಾತಿಯನ್ನು. ನಮ್ಮ ಅಳಿವೆಯ ಕಲ್ಲುಗಳ ಮೇಲೂ ನಿಲ್ಲುವ ಹಕ್ಕಿ ಅದು.

ಆದರೆ ಈ ಲೆಕ್ಕ ನಡೆಯುವುದು ನೀರು ಕನ್ನಡಿಯಂತೆ ನಿಂತಿದ್ದಾಗ. ಮೇಲ್ಮೈ ಅಲುಗಿದರೆ ಮೀನಿನ ಬಿಂಬ ಚೂರುಚೂರಾಗುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ಬಲೆಯಲ್ಲ, ಒಂದು ಚಿಕ್ಕ ಪಂಪು. ನಸುಕಿನ ನಾಲ್ಕರಿಂದ ಎಂಟರವರೆಗೆ ಹೊಂಡದ ನೀರನ್ನೇ ಎತ್ತಿ ಮೇಲಿಂದ ಸಣ್ಣ ಧಾರೆಯಾಗಿ ಬೀಳಿಸಿ. ನೀರಿಗೆ ಗಾಳಿ ಬೆರೆಯುತ್ತದೆ, ಮೀನು ಬಾಯಿ ತೆರೆದು ಮೇಲೆ ಬರುವುದು ತಪ್ಪುತ್ತದೆ. ಅಲೆ ಎದ್ದು ಬಕದ ಕಣ್ಣಿಗೂ ಗುರಿ ಸಿಗುವುದಿಲ್ಲ.

ಮೀನಿಗೂ ತನ್ನದೇ ರಕ್ಷಣೆಯಿದೆ. ಅದರ ಹಿಂಮೆದುಳಿನ ಎಡಬಲಕ್ಕೆ ಮೌಟ್ನರ್ ಕೋಶ ಎಂಬ ಒಂದೊಂದು ದೈತ್ಯ ನರಕೋಶ. ನೀರು ಅದುರಿದ್ದು ತಿಳಿದೊಡನೆ ಅದು ಸಿಡಿದು, ಸೆಕೆಂಡಿನ ನೂರರಲ್ಲೊಂದು ಪಾಲಿನ ಹೊತ್ತಿಗೆಲ್ಲ ಮೀನಿನ ಮೈ ಬಿಲ್ಲಿನಂತೆ ಬಾಗತೊಡಗುತ್ತದೆ. ಆದರೆ ಓಡಿ ಹೋಗಲು ಆಳ ಬೇಕು, ಅಡಗಲು ಮರೆ ಬೇಕು. ಅಲಂಕಾರಕ್ಕೆಂದು ತಟ್ಟೆಯಂತೆ ಕಟ್ಟಿ, ತಳಕ್ಕೆ ನೀಲಿ ಬಣ್ಣ ಬಳಿದು, ಅದರಲ್ಲಿ ಕೆಂಪು ಮೀನು ಬಿಟ್ಟರೆ ಅದು ತಟ್ಟೆಯಲ್ಲಿ ಬಡಿಸಿದ ಊಟವೇ. ಹೊಳೆಯ ಮೀನಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಮೇಲಿಂದ ನೋಡಿದರೆ ಅದು ತಳದ ಕೆಸರಿನೊಡನೆ ಬೆರೆತುಹೋಗುತ್ತದೆ. ಚಿನ್ನದ ಮೀನಿನಿಂದ ಆ ಅಂಗಿಯನ್ನು ಕಳಚಿದವರು ಮನುಷ್ಯರು. ಅದಕ್ಕೆ ಮರೆ ಮಾಡಿಕೊಡುವ ಹೊಣೆಯೂ ನಮ್ಮದೇ.

ನಮ್ಮ ಕಡೆಯ ಹಳೆಯ ಕಟ್ಟೋಣ ಇಲ್ಲಿ ನೆರವಿಗೆ ಬರುತ್ತದೆ. ಚಿರೆಕಲ್ಲನ್ನು ನೇರ ಗೋಡೆಯಾಗಿ ಇಳಿಸಿ, ದಡದಲ್ಲೇ ಎರಡು ಅಡಿ ಆಳ, ನಡುವೆ ಮೂರೂವರೆ-ನಾಲ್ಕು ಅಡಿ ಆಳ ಇಟ್ಟರೆ ಬಕಕ್ಕೆ ಕಾಲೂರಲು ಜಾಗವಿಲ್ಲ. ಅದಕ್ಕೆ ಈಜಿ ಬೇಟೆಯಾಡಿ ಅಭ್ಯಾಸವಿಲ್ಲ. ನೀರು ಗೋಡೆಯ ಅಂಚಿಗಿಂತ ಒಂದು ಅಡಿ ತಗ್ಗಿದ್ದರೆ ಅಂಚಿನ ಮೇಲೆ ನಿಂತೂ ಕೊಕ್ಕು ಎಟುಕದು. ಮಿರ್ಜಾನದ ಆ ಹೊಂಡಕ್ಕೆ ಗೋಡೆಯೆಲ್ಲ ಸರಿಯಿತ್ತು, ಕೆಡಿಸಿದ್ದು ಮೆಟ್ಟಿಲು. ಮೆಟ್ಟಿಲು ಬೇಕೇ ಬೇಕೆಂದಿದ್ದರೆ ಆ ಮೂಲೆಗೆ ಮಾತ್ರ ಬಿದಿರಿನ ತಟ್ಟಿ ಹಾಕಿ. ತಪ್ಪಿ ಬಿದ್ದ ಕಪ್ಪೆ, ಓತಿಕ್ಯಾತ ಹತ್ತಿ ಬರಲು ಒಂದು ಮೂಲೆಯಲ್ಲಿ ಮರದ ತುಂಡನ್ನು ಓರೆಯಾಗಿ ಇಡುವುದನ್ನು ಮರೆಯಬೇಡಿ.

ಒಳಗೆ ನಾಲ್ಕಾರು ಮಂಗಳೂರು ಹೆಂಚನ್ನು ಗುಡಿಸಲಿನಂತೆ ಒರಗಿಸಿ, ಇಲ್ಲವೇ ಅಗಲದ ಪೈಪಿನ ತುಂಡುಗಳನ್ನು ತಳದಲ್ಲಿ ಇಡಿ. ಎರಡೇ ದಿನದಲ್ಲಿ ಮೀನು ಅದನ್ನು ಮನೆ ಮಾಡಿಕೊಳ್ಳುತ್ತದೆ. ತಾವರೆ, ನೈದಿಲೆ ಎಲೆ ನೀರಿನ ಮೂರನೇ ಒಂದು ಪಾಲು ಮುಚ್ಚಿದರೆ ಸಾಕು. ಅಂತರಗಂಗೆ ಹೊಂಡ ಪೂರ್ತಿ ಹಬ್ಬಿದರೆ ಮತ್ತೆ ನಸುಕಿನ ಉಸಿರುಗಟ್ಟುವಿಕೆ. ನೆರಳಿಗೆಂದು ತೆಂಗಿನ ಮಡಲು ನೀರಿಗೆ ಹಾಕುವ ರೂಢಿಯೂ ಬೇಡ, ಅದು ಕೊಳೆಯುತ್ತ ಆಮ್ಲಜನಕ ತಿನ್ನುತ್ತದೆ.

ಇನ್ನು ಬೆದರಿಕೆಯ ವಿಷಯ. ಬೆರ್ಚಪ್ಪ, ಹೊಳೆಯುವ ಸಿಡಿ ತಟ್ಟೆ, ಡಬ್ಬಿ ಬಡಿತ ಎಲ್ಲಕ್ಕೂ ಹಕ್ಕಿ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಅಪಾಯವಿಲ್ಲದ ಸದ್ದಿಗೆ ಹೆದರುತ್ತ ಕೂತರೆ ಹೊಟ್ಟೆ ತುಂಬದು ಎಂಬುದನ್ನು ಅದು ಬೇಗ ಕಲಿಯುತ್ತದೆ. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಕೊಕ್ಕರೆಯನ್ನು ನಿಲ್ಲಿಸಿದರೆ ಬೇರೆ ಕೊಕ್ಕರೆ ಬರುವುದಿಲ್ಲ ಎಂಬ ನಂಬಿಕೆ ಇದೆ. ಬೆಳ್ಳಕ್ಕಿಗಳ ವಿಷಯದಲ್ಲಿ ಇದು ತಲೆಕೆಳಗು. ನೀರಲ್ಲಿ ನಿಂತ ಬಿಳಿ ಹಕ್ಕಿಯ ಮಾದರಿ ಉಳಿದವನ್ನು ಕರೆಯುತ್ತದೆ ಎಂದು 1970ರ ದಶಕದಲ್ಲೇ ಪ್ರಯೋಗಗಳು ತೋರಿಸಿವೆ. ಇಲ್ಲಿ ಮೀನಿದೆ ಎಂಬ ಬೋರ್ಡು ಹಾಕಿದಂತೆ ಅದು.

ಕೆಲಸ ಮಾಡುವುದು ಅಡ್ಡಿಯೇ. ಬಕ ಸಾಮಾನ್ಯವಾಗಿ ಒಣ ನೆಲದ ಮೇಲೆ ಇಳಿದು ನಡೆದು ನೀರಿಗೆ ಬರುತ್ತದೆ. ದಡದ ಸುತ್ತ ಗೂಟ ನೆಟ್ಟು ನೆಲದಿಂದ 20 ಮತ್ತು 35 ಸೆಂಟಿಮೀಟರ್ ಎತ್ತರಕ್ಕೆ ಎರಡು ಹಗ್ಗ ಬಿಗಿದರೆ ಆ ನಡಿಗೆ ತಪ್ಪುತ್ತದೆ. ಅಳಿವೆಯ, ಕಡಲಿನ ಪಂಜರ ಮೀನು ಸಾಕಣೆಯಲ್ಲೂ ಇದೇ ತತ್ವ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಢಿಗೆ ತಂದ ಪಂಜರಗಳಲ್ಲಿ ಮೀನು ಇರುವ ಒಳಬಲೆ, ಅದನ್ನು ಕಾಯುವ ಹೊರಬಲೆಗಳ ಜೊತೆಗೆ ಮೇಲೊಂದು ಹಕ್ಕಿಬಲೆಯೂ ಇರುತ್ತದೆ.

ಆದರೆ ಬಲೆ ಎಂದೊಡನೆ ಕುಮಟಾ, ಹೊನ್ನಾವರ, ಭಟ್ಕಳದ ಮನೆಗಳಲ್ಲಿ ಕೈಗೆ ಸಿಗುವುದು ಹಳೆಯ ಮೀನುಬಲೆ. ತೆಳು ನೈಲಾನ್ ಎಳೆ, ಸಡಿಲ ಜೋತು, ಕಣ್ಣಿಗೆ ಕಾಣದ ಬಣ್ಣ. ಮೀನಿನ ಕಿವಿರು ಸಿಕ್ಕಿಕೊಳ್ಳಲೆಂದೇ ಮಾಡಿದ ಬಲೆ ಹಕ್ಕಿಯ ರೆಕ್ಕೆಗೂ ಅದನ್ನೇ ಮಾಡುತ್ತದೆ. ಇಂಥದರಲ್ಲಿ ಸಿಕ್ಕ ಕೇರೆ ಹಾವೊಂದನ್ನು ಕತ್ತರಿಯಿಂದ ಬಿಡಿಸಲು ನನಗೆ ಮುಕ್ಕಾಲು ತಾಸು ಹಿಡಿಯಿತು. ಎಳೆ ಹುರುಪೆಯ ಕೆಳಗೆ ಇಳಿದು ಮಾಂಸ ಕೊರೆದಿತ್ತು, ಬಿಡಿಸಿದ ಮೇಲೂ ಅದು ಹರಿಯಲಿಲ್ಲ. ಗದ್ದೆಯ ಇಲಿ ಹಿಡಿಯುವ ಹಾವು ಅದು. ಹೊಂಡದ ಮೀನಿನ ಸುದ್ದಿಗೆ ಹೋಗಿಯೇ ಇರಲಿಲ್ಲ.

ಬಲೆ ಹಾಕುವುದಿದ್ದರೆ ದಪ್ಪ ಎಳೆಯದು, ಕಣ್ಣಿಗೆ ಕಾಣುವ ಬಣ್ಣದ್ದು, ಚೌಕಟ್ಟಿಗೆ ತಮಟೆಯ ಚರ್ಮದ ಹಾಗೆ ಬಿಗಿದದ್ದು ಇರಲಿ. ನೀರಿನಿಂದ ಒಂದೂವರೆ ಅಡಿ ಮೇಲೆ ಇರಲಿ, ಅಂಚು ನೆಲಕ್ಕೆ ಜೋಲದಿರಲಿ. ಬಕ, ಮಿಂಚುಳ್ಳಿ, ನೀರುಕಾಗೆಗಳನ್ನು ಕೊಲ್ಲುವುದು, ಅವುಗಳ ಗೂಡು ಕೆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದೂ ನೆನಪಿರಲಿ.

ಕೊನೆಗೊಂದು ಮಾತು, ಹೆಚ್ಚಿನವರು ಗಮನಿಸದ್ದು. ಕೆಲವು ಚಪ್ಪಟೆ ಹುಳುಗಳು ಬಸವನಹುಳು, ಮೀನು, ಹಕ್ಕಿ ಎಂಬ ಮೂರು ಮನೆಗಳಲ್ಲಿ ಸುತ್ತಿ ಬಾಳುತ್ತವೆ. ಕ್ಯಾಲಿಫೋರ್ನಿಯಾದ ಉಪ್ಪುನೀರಿನ ಒಂದು ಜಾತಿಯಲ್ಲಿ ಹುಳು ಮೀನಿನ ಮೆದುಳಿಗೆ ಸೇರುತ್ತದೆ. ಅಂಥ ಮೀನು ಮೇಲೆ ಬಂದು ಹೊರಳಾಡುತ್ತದೆ, ಹಕ್ಕಿಗೆ ಸಿಗುವ ಸಂಭವ ಆರೋಗ್ಯವಂತ ಮೀನಿಗಿಂತ 10ರಿಂದ 30 ಪಟ್ಟು ಹೆಚ್ಚು ಎಂದು 1996ರ ಅಧ್ಯಯನ ಹೇಳಿತು. ಹಕ್ಕಿ ಹಿಡಿದ ಮೀನೆಲ್ಲ ಗಟ್ಟಿ ಮೀನಾಗಿರಬೇಕಿಲ್ಲ. ಮೈಮೇಲೆ ಕಪ್ಪು ಚುಕ್ಕೆ ಎದ್ದ, ಮಂಕಾದ ಮೀನು ಹೆಚ್ಚುತ್ತಿದ್ದರೆ ಅದು ಇಂಥ ಹುಳುವಿನ ಗುರುತಾಗಿರಬಹುದು, ಮೊದಲು ಬಸವನಹುಳು ಆರಿಸಿ ತೆಗೆಯಿರಿ.

ಮಿರ್ಜಾನದ ಯಜಮಾನರು ಮೆಟ್ಟಿಲಿಗೆ ತಟ್ಟಿ ಹಾಕಿದ್ದಾರೆ, ನಸುಕಿಗೆ ಪಂಪು ಓಡುತ್ತದೆ. ಬಕ ಈಗ ಆಚೆಯ ಗಜನಿಯಲ್ಲಿ ನಿಲ್ಲುತ್ತದೆ. ನಿಮ್ಮ ಹೊಂಡದ ಬಳಿಗೂ ನಾಳೆ ಸೂರ್ಯ ಹುಟ್ಟುವ ಮೊದಲು ಒಮ್ಮೆ ಹೋಗಿ, ಮೀನು ಬಾಯಿ ತೆರೆದು ಮೇಲೆ ನಿಂತಿವೆಯೇ ನೋಡಿ. ಹೊಂಡದ ಮೇಲೆ ಹಳೆಯ ಮೀನುಬಲೆ ಜೋತಾಡುತ್ತಿದ್ದರೆ ಮಾತ್ರ ನಾಳೆಯವರೆಗೆ ಕಾಯಬೇಡಿ, ಇವತ್ತೇ ತೆಗೆದುಬಿಡಿ.