ಹನಿ ನೀರಾವರಿಯಲ್ಲಿ ಸುಣ್ಣ ಕಟ್ಟುವುದೇಕೆ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅಡಿಕೆ ಗಿಡಕ್ಕಾಗಲಿ ಹಿಪ್ಪುನೇರಳೆಗಾಗಲಿ ಕೊಳವೆಬಾವಿಯ ನೀರನ್ನೇ ಹನಿಹನಿಯಾಗಿ ಉಣಿಸಬೇಕು. ಆ ನೀರು ಬಹುಕಡೆ ಗಡಸು. ಡ್ರಿಪ್ಪರಿನ ಬಾಯಿಗೆ ಬಿಳಿಯ ಸುಣ್ಣ ಕಟ್ಟಿದರೆ, ನಾವು ಗಮನಿಸುವ ಮೊದಲೇ ಗಿಡಗಳು ಬಾಡತೊಡಗುತ್ತವೆ. ಇದರ ಕಾರಣ ತಿಳಿದರೆ ಪರಿಹಾರ ಸುಲಭ.

ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನೊಳಗಿನ ಗಾಳಿಯಲ್ಲಿ ಇಂಗಾಲಾಮ್ಲ ಅನಿಲವು ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಇಂಗುವ ಮಳೆನೀರು ಅದನ್ನು ಹೀರಿಕೊಂಡು, ಮಣ್ಣು ಕಲ್ಲುಗಳ ಸುಣ್ಣದ ಅಂಶವನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಕರಗುವುದೂ ಮತ್ತೆ ಗಟ್ಟಿಯಾಗುವುದೂ ಸಮವೇಗದಲ್ಲಿ ನಡೆಯುವ ಸ್ಥಿತಿಗೆ ರಾಸಾಯನಿಕ ಸಮತೋಲ ಎಂದು ಹೆಸರು. ಈ ಸಮತೋಲವನ್ನು ಕದಲಿಸಿದರೆ, ಕದಲಿಕೆಯನ್ನು ತಗ್ಗಿಸುವ ಕಡೆಗೆ ಅದು ಸರಿಯುತ್ತದೆಂದು ಫ್ರಾನ್ಸಿನ ವಿಜ್ಞಾನಿ ಲೆ ಶಾತಲಿಯೆ 1884ರಲ್ಲಿ ತಿಳಿಸಿದರು. ನೀರು ಹೊರಬಂದೊಡನೆ ಇಂಗಾಲಾಮ್ಲ ಗಾಳಿಗೆ ಹಾರುತ್ತದೆ. ಕರಗಿದ ಸುಣ್ಣ ಗಟ್ಟಿಯಾಗಿ ಕೂರುತ್ತದೆ. ಬಿಸಿನೀರಿನ ಹಂಡೆಯೊಳಗಿನ ಬಿಳಿ ಪದರವೂ ಹೀಗೆಯೇ ಕಟ್ಟಿದ್ದು.

ಹಾಗಾದರೆ ತೊಟ್ಟಿಯಲ್ಲಿ ಗಾಳಿ ತುಂಬಿ ಒತ್ತಡ ಏರಿಸಿದರೆ ಇಂಗಾಲಾಮ್ಲ ನೀರಿನಲ್ಲೇ ಉಳಿಯದೇ? ಉಳಿಯದು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ, ಸುಮಾರು 1 ಪಾಲು ಆರ್ಗಾನ್. ಇಂಗಾಲಾಮ್ಲ ಸುಮಾರು 0.04 ಪಾಲು ಮಾತ್ರ. ಈ ಕ್ರಿಯೆಯಲ್ಲಿ ಮಿಕ್ಕ ಅನಿಲಗಳು ಜಡ; ಲೆಕ್ಕಕ್ಕೆ ಬರುವುದು ಇಂಗಾಲಾಮ್ಲದ ಸ್ವಂತ ಒತ್ತಡ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೋಡುವವರು ಎಷ್ಟೇ ನೆರೆದರೂ ಬೆಲೆ ಏರಿಸುವವರು ಹರಾಜು ಕೂಗುವವರೇ ಅಲ್ಲವೇ?

ಆದರೆ ಜಡಾನಿಲ ಯಾವಾಗಲೂ ನಿರುಪದ್ರವಿಯಲ್ಲ. ಪಾತ್ರೆಯ ಗಾತ್ರ ಬದಲಾಗದಿದ್ದರೆ ಅದು ಸಮತೋಲವನ್ನು ಕದಲಿಸದು. ಒಟ್ಟು ಒತ್ತಡ ಬದಲಾಗದಂತೆ ನಡೆಸುವ ಕಡೆ ಅದು ಜಾಗ ಆಕ್ರಮಿಸಿ, ಕ್ರಿಯೆಯಲ್ಲಿ ತೊಡಗಿದ ಅನಿಲಗಳ ಒತ್ತಡವನ್ನು ತಗ್ಗಿಸುತ್ತದೆ. ಆಗ ಸಮತೋಲವು ಹೆಚ್ಚು ಪಾಲು ಅನಿಲವಿರುವ ಬದಿಗೆ ವಾಲುತ್ತದೆ. ಮಂಗಳೂರಿನ ಪಣಂಬೂರಿನಲ್ಲಿ 1976ರಲ್ಲಿ ಆರಂಭವಾದಂಥ ಯೂರಿಯಾ ಕಾರ್ಖಾನೆಗಳಲ್ಲಿ 1 ಪಾಲು ಸಾರಜನಕ, 3 ಪಾಲು ಜಲಜನಕ ಸೇರಿ 2 ಪಾಲು ಅಮೋನಿಯಾ ಆಗಬೇಕು. ಗಾಳಿಯೊಂದಿಗೆ ಬಂದ ಆರ್ಗಾನ್ ಸೇರುತ್ತಾ ಹೋದರೆ ಅಮೋನಿಯಾ ಇಳುವರಿ ಕುಗ್ಗುತ್ತದೆ. ಆದ್ದರಿಂದ ಸ್ವಲ್ಪ ಅನಿಲವನ್ನು ಆಗಾಗ ಹೊರಬಿಡುತ್ತಾರೆ. ನಮ್ಮ ಗೊಬ್ಬರದ ಚೀಲದ ಹಿಂದೆ ಈ ಲೆಕ್ಕವೂ ಇದೆ.

ತೋಟಕ್ಕೆ ಇದರಿಂದ ತಿಳಿಯಬೇಕಾದದ್ದು ಇಷ್ಟು. ಒತ್ತಡ ಹೆಚ್ಚಿಸಿ ಸುಣ್ಣವನ್ನು ತಡೆಯಲಾಗದು. ಮೊದಲು ನೀರಿನ ಪರೀಕ್ಷೆ ಮಾಡಿಸಿ. ತೊಟ್ಟಿಯಿದ್ದರೆ ನೀರನ್ನು ಎತ್ತರದಿಂದ ಚಿಮ್ಮಿಸಿ ಬೀಳಿಸಿ, ಕೆಲಕಾಲ ನಿಲ್ಲಿಸಿ. ಸ್ವಲ್ಪ ಸುಣ್ಣ ಅಲ್ಲಿಯೇ ತಂಗುತ್ತದೆ. ಅನಂತರ ಫಿಲ್ಟರಿನ ಮೂಲಕ ಬಿಡಿ. ಕಟ್ಟಿದ ಸುಣ್ಣವನ್ನು ಕರಗಿಸಲು ಆಮ್ಲೋಪಚಾರವೇ ದಾರಿ. ಅದರ ಪ್ರಮಾಣವನ್ನು ನೀರಿನ ಪರೀಕ್ಷೆಯ ಆಧಾರದ ಮೇಲೆ ತೋಟಗಾರಿಕೆ ಇಲಾಖೆಯವರಿಂದ ಕೇಳಿ ತಿಳಿಯಿರಿ. ಯಾವಾಗಲೂ ನೀರಿಗೆ ಆಮ್ಲವನ್ನು ಹಾಕಬೇಕು. ಆಮ್ಲಕ್ಕೆ ನೀರು ಸುರಿಯಕೂಡದು. ಬ್ಲೀಚಿಂಗ್ ಪುಡಿಯೊಡನೆ ಬೆರೆಸಿದರೆ ವಿಷಾನಿಲ ಏಳುತ್ತದೆ. ಉಪಚಾರದ ಬಳಿಕ ಕೊಳವೆಗಳ ತುದಿ ಬಿಚ್ಚಿ ಚೆನ್ನಾಗಿ ತೊಳೆಯಿರಿ.