ತೆಳುವಾಗಿರಬೇಕು, ನೀರೂ ಹೊಗಬಾರದು: ಮಲೆನಾಡಿನ ಕೈಗೆ ಎಂಥ ಡೈವ್ ವಾಚ್?

ಶಿರಸಿ: ಮುಂಗಾರು ಘಟ್ಟವೇರಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ನಾಲ್ಕು ತಿಂಗಳ ಕಾಲ ಪೂರ್ತಿ ಒಣಗಿದ ವಸ್ತು ಸಿಗುವುದೇ ಅಪರೂಪ. ಅಟ್ಟದ ಮೇಲಿನ ಕಂಬಳಿಯಿಂದ ಕಪಾಟಿನ ಪುಸ್ತಕದವರೆಗೆ ಎಲ್ಲದಕ್ಕೂ ತೇವ. ಕೈಗಡಿಯಾರವೂ ಇದಕ್ಕೆ ಹೊರತಲ್ಲ. ಗಾಜಿನ ಒಳಗೆ ಮಂಜು ಕವಿಯುವುದು, ಮುಳ್ಳುಗಳಿಗೆ ತುಕ್ಕು ಹಿಡಿಯುವುದು, ಚರ್ಮದ ಬೆಲ್ಟಿಗೆ ಬೂಷ್ಟು ಬರುವುದು ಇಲ್ಲಿ ಪ್ರತಿ ಮಳೆಗಾಲದ ಮಾತು.

ಇದಕ್ಕೆ ಪರಿಹಾರವಾಗಿ ಹಲವರ ಕಣ್ಣು ಡೈವ್ ವಾಚಿನತ್ತ ಹೊರಳುತ್ತದೆ. ಸಮುದ್ರದಾಳಕ್ಕೆ ಇಳಿಯುವವರಿಗಾಗಿ ರೂಪುಗೊಂಡ ಗಡಿಯಾರ ತೋಟದ ಮಳೆಯನ್ನು ತಡೆಯಲಾರದೇ ಎಂಬುದು ಸಹಜ ತರ್ಕ. ಆದರೆ ಅಂಗಡಿಯಲ್ಲಿ ಅದನ್ನು ಕೈಗೆ ಕಟ್ಟಿಕೊಂಡಾಗ ಉತ್ಸಾಹ ಇಳಿಯುತ್ತದೆ. ಅದು ದಪ್ಪ, ಭಾರ. ತುಂಬುತೋಳಿನ ಅಂಗಿಯ ಕೆಳಗೆ ಜಾರದು. ಕಚೇರಿಗೂ ತೋಟಕ್ಕೂ ಒಂದೇ ವಾಚು ಸಾಕೆನ್ನುವವರಿಗೆ ಬೇಕಾದದ್ದು ತೆಳುವಾದ ಡೈವ್ ವಾಚ್. ಅದು ಸಿಗುತ್ತದೆ. ಆದರೆ ಆಯ್ಕೆಗೆ ಕೊಂಚ ತಿಳಿವಳಿಕೆ ಬೇಕು.

ಡೈವ್ ವಾಚ್ ಎಂದರೇನು?

ನೀರು ಹೊಗದ ಕೈಗಡಿಯಾರದ ಕಥೆ ಹಳೆಯದು. ರೋಲೆಕ್ಸ್ ಕಂಪನಿ 1926ರಲ್ಲಿಯೇ ‘ಆಯ್‌ಸ್ಟರ್’ ಹೆಸರಿನ ಭದ್ರ ಕವಚವನ್ನು ಬಳಕೆಗೆ ತಂದಿತು. ಇಂದು ನಾವು ಕಾಣುವ ಡೈವ್ ವಾಚಿನ ಸ್ವರೂಪ ಸಿದ್ಧವಾದದ್ದು 1953ರ ಸುಮಾರಿಗೆ, ಬ್ಲಾಂಕ್‌ಪೇನ್ ಕಂಪನಿಯ ‘ಫಿಫ್ಟಿ ಫ್ಯಾದಮ್ಸ್’ ಮತ್ತು ರೋಲೆಕ್ಸ್‌ನ ‘ಸಬ್‌ಮರೀನರ್’ ಮಾದರಿಗಳಿಂದ.

ಈಗ ಇದಕ್ಕೆ ಐಎಸ್‌ಒ 6425 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಗಡಿಯಾರ ಕನಿಷ್ಠ 100 ಮೀಟರ್ ಆಳದ ಒತ್ತಡವನ್ನು ತಾಳಬೇಕು. ಹೇಳಿಕೊಂಡ ಆಳಕ್ಕಿಂತ ಶೇ. 25ರಷ್ಟು ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆಗೊಳಗಾಗಬೇಕು. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಕಾಣಬೇಕು. ಆಘಾತ, ಕಾಂತಶಕ್ತಿ, ಉಪ್ಪುನೀರು ಇವುಗಳಿಗೂ ಪ್ರತ್ಯೇಕ ಪರೀಕ್ಷೆಗಳಿವೆ. ಸಾಮಾನ್ಯ ವಾಚುಗಳಲ್ಲಿ ಕೆಲವನ್ನಷ್ಟೇ ಆರಿಸಿ ಪರೀಕ್ಷಿಸಬಹುದು. ಡೈವ್ ವಾಚ್ ಎನಿಸಿಕೊಳ್ಳಲು ಪ್ರತಿಯೊಂದನ್ನೂ ಪರೀಕ್ಷಿಸಬೇಕು. ಇಂಥವುಗಳ ಮೇಲೆ ‘ಡೈವರ್ಸ್’ ಎಂಬ ಪದವೂ ಆಳದ ಅಂಕಿಯೂ ಒಟ್ಟಿಗೆ ಇರುತ್ತವೆ. ಬರಿಯ ‘200 ಮೀಟರ್’ ಎಂದಿದ್ದರೆ ಅದು ಕಂಪನಿಯ ಭರವಸೆಯೇ ಹೊರತು ಈ ಮಾನದಂಡದ ಮುದ್ರೆಯಲ್ಲ. ಹಾಗೆಂದ ಮಾತ್ರಕ್ಕೆ ಅದು ಕಳಪೆ ಎಂದೂ ಅಲ್ಲ. ದಿನಬಳಕೆಗೆ ಎಷ್ಟೋ ಸಲ ಅದೇ ಸಾಕು.

ಗಾಜಿನ ಸುತ್ತ ತಿರುಗುವ ಬಳೆ, ಅಂದರೆ ಬೆಜೆಲ್, ಅಲಂಕಾರಕ್ಕಿರುವುದಲ್ಲ. ನೀರಿನಲ್ಲಿ ಕಳೆದ ನಿಮಿಷಗಳನ್ನು ಅದು ತೋರಿಸುತ್ತದೆ. ಒಂದೇ ದಿಕ್ಕಿಗೆ ತಿರುಗುವುದರಿಂದ ಅಕಸ್ಮಾತ್ ಸರಿದರೂ ಕಳೆದ ಸಮಯ ಹೆಚ್ಚಾಗಿ ಕಂಡೀತೇ ವಿನಾ ಕಡಿಮೆಯಾಗಿ ಕಾಣದು. ಮುಳುಗುಗಾರ ಬೇಗನೆ ಮೇಲೆ ಬರುತ್ತಾನೆ. ಇದೇ ಬಳೆ ಅಡಿಕೆ ಬೇಯಿಸುವಾಗಲೂ ಪಂಪ್‌ಸೆಟ್ ಹಾಕಿ ಕಾಯುವಾಗಲೂ ಉಪಯೋಗಕ್ಕೆ ಬರುತ್ತದೆ.

‘30 ಮೀಟರ್’ ಎಂಬ ಭ್ರಮೆ

ಡಯಲ್ ಮೇಲೆ ‘30 ಮೀಟರ್’ ಎಂದು ಬರೆದಿದ್ದರೆ ಅಷ್ಟು ಆಳಕ್ಕೆ ಇಳಿಯಬಹುದೆಂದು ತಿಳಿಯುವವರೇ ಹೆಚ್ಚು. ಅದು ಹೊಸ ವಾಚಿನ ಮೇಲೆ ಪ್ರಯೋಗಶಾಲೆಯ ನಿಶ್ಚಲ ನೀರಿನಲ್ಲಿ ಹಾಕಿದ ಒತ್ತಡದ ಅಳತೆ ಮಾತ್ರ. ವ್ಯವಹಾರದಲ್ಲಿ ಅದರ ಅರ್ಥ: ಕೈ ತೊಳೆಯಬಹುದು, ಮಳೆಹನಿ ಬಿದ್ದರೆ ಚಿಂತೆಯಿಲ್ಲ. 50 ಮೀಟರ್ ಅಲ್ಪಸ್ವಲ್ಪ ಈಜಿಗೆ, 100 ಮೀಟರ್ ಹೊಳೆ–ಕೆರೆಯ ಈಜಿಗೆ ಸಾಕು. ಸ್ಕೂಬಾ ಡೈವಿಂಗ್‌ಗೆ ಮಾನದಂಡದ ಮುದ್ರೆಯಿರುವುದೇ ಕ್ಷೇಮ; 200 ಮೀಟರ್ ಇದ್ದರೆ ಇನ್ನೂ ನೆಮ್ಮದಿ.

ಈ ಅಂತರಕ್ಕೆ ಮುಖ್ಯ ಕಾರಣ ರಬ್ಬರ್. ಹಿಂಬದಿಯ ಮುಚ್ಚಳ, ಗಾಜು ಮತ್ತು ಕೀಲಿ ತಿರುಪು ಈ ಮೂರು ಸಂದುಗಳನ್ನು ಕಾಯುವುದು ತೆಳ್ಳನೆಯ ರಬ್ಬರ್ ಬಳೆಗಳು. ಬೆವರು, ಸೋಪು, ಬಿಸಿ ತಗುಲಿ ಅವು ವರ್ಷದಿಂದ ವರ್ಷಕ್ಕೆ ಗಡುಸಾಗುತ್ತವೆ. ಐದು ವರ್ಷ ಹಳೆಯ ವಾಚಿಗೆ ಡಯಲ್ ಮೇಲಿನ ಅಂಕಿ ಅನ್ವಯಿಸುತ್ತದೆಂಬ ಖಾತರಿಯಿಲ್ಲ. 200 ಮೀಟರ್ ವಾಚನ್ನು ಮಳೆಗೆ ಕಟ್ಟಿಕೊಳ್ಳುವುದು ಆಡಂಬರವಲ್ಲ. ಸವಕಳಿಗೆ ಬಿಟ್ಟುಕೊಂಡ ಉಳಿತಾಯ.

ದಪ್ಪ ಏಕೆ?

ಲೆಕ್ಕ ಸರಳ. 200 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 20 ಕಿಲೋ ಭಾರ ಬೀಳುತ್ತದೆ. ಗಾಜಿನ ವ್ಯಾಸ 30 ಮಿಲಿಮೀಟರ್ ಎಂದುಕೊಂಡರೆ ಅದರ ಮೇಲಿನ ಒಟ್ಟು ಭಾರ 140 ಕಿಲೋ ದಾಟುತ್ತದೆ. ಇಬ್ಬರು ವಯಸ್ಕರು ಆ ಪುಟ್ಟ ಗಾಜಿನ ಮೇಲೆ ನಿಂತಂತೆ. ಗಾಜು ಬಾಗಿ ಮುಳ್ಳಿಗೆ ತಾಗಬಾರದೆಂದರೆ ಅದು ದಪ್ಪವಿರಲೇಬೇಕು. ಹಿಂಬದಿಯ ಮುಚ್ಚಳವೂ ಅಷ್ಟೇ.

ಇದಕ್ಕೆ ಎದುರು ತುದಿಯ ಉದಾಹರಣೆ ಟೈಟನ್ ಕಂಪನಿಯ ‘ಎಡ್ಜ್’. 2002ರಲ್ಲಿ ಬಂದ ಈ ಕ್ವಾರ್ಟ್ಜ್ ವಾಚಿನ ಒಟ್ಟು ದಪ್ಪ ಕೇವಲ 3.5 ಮಿಲಿಮೀಟರ್, ಒಳಗಿನ ಯಂತ್ರದ್ದು 1.15 ಮಿಲಿಮೀಟರ್. ಭಾರತೀಯ ತಂತ್ರಜ್ಞರ ದೊಡ್ಡ ಸಾಧನೆ ಅದು. ಆದರೆ ಅದರ ನೀರಿನ ಅಳತೆ 30 ಮೀಟರ್. ಮದುವೆ ಮನೆಗೆ ಶೋಭೆ ತರುವ ಆ ವಾಚು ಶ್ರಾವಣದ ಅಡಿಕೆ ತೋಟಕ್ಕೆ ಹೇಳಿದ್ದಲ್ಲ.

ಗಮನಿಸಬೇಕಾದ ಇನ್ನೊಂದು ಅಂಶವಿದೆ. ಗಾಜಿನ ವ್ಯಾಸ ಕಡಿಮೆಯಾದಂತೆ ಅದೇ ಒತ್ತಡಕ್ಕೆ ಬೇಕಾದ ದಪ್ಪವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ತೆಳು ಡೈವ್ ವಾಚ್ ಬೇಕೆನ್ನುವವರು ಮೊದಲು ಅಗಲವನ್ನು ಇಳಿಸಬೇಕು. 44 ಮಿಲಿಮೀಟರ್ ಅಗಲದ ವಾಚಿನಲ್ಲಿ ತೆಳುತನ ಹುಡುಕುವುದು ಕಷ್ಟ; 37ರಿಂದ 40ರೊಳಗೆ ಸಿಗುತ್ತದೆ.

ಎಷ್ಟು ತೆಳುವಾದರೆ ಸಾಕು?

200 ಮೀಟರ್ ತಾಳುವ ಸ್ವಯಂಚಾಲಿತ ವಾಚು 12 ಮಿಲಿಮೀಟರಿನೊಳಗಿದ್ದರೆ ಅದನ್ನು ತೆಳು ಎನ್ನಬಹುದು. ಸೈಕೋ ಕಂಪನಿಯ ಜನಪ್ರಿಯ ಎಸ್‌ಕೆಎಕ್ಸ್ 007 ಮಾದರಿಯ ದಪ್ಪ 13 ಮಿಲಿಮೀಟರಿಗೂ ಮಿಕ್ಕಿತ್ತು. ಲಕ್ಷಗಳಲ್ಲಿ ಬೆಲೆಯಿರುವ ಟ್ಯೂಡರ್ ‘ಬ್ಲ್ಯಾಕ್ ಬೇ ಫಿಫ್ಟಿ ಎಯ್ಟ್’ 2018ರಲ್ಲಿ ಬಂದಾಗ 39 ಮಿಲಿಮೀಟರ್ ಅಗಲ, 11.9 ಮಿಲಿಮೀಟರ್ ದಪ್ಪವಿದ್ದು ಮೆಚ್ಚುಗೆ ಗಳಿಸಿತು. 2023ರ ‘ಬ್ಲ್ಯಾಕ್ ಬೇ 54’ ಇನ್ನೂ ಇಳಿದು 37 ಮಿಲಿಮೀಟರ್ ಅಗಲ, 11.2 ಮಿಲಿಮೀಟರ್ ದಪ್ಪಕ್ಕೆ ಬಂದಿತು.

ಕಡಿಮೆ ಬೆಲೆಯವುಗಳಲ್ಲಿ ಒಳಗಿನ ಯಂತ್ರ ಯಾವುದೆಂದು ಕೇಳುವುದು ಒಳ್ಳೆಯದು. ಹೆಚ್ಚು ಬಳಕೆಯಲ್ಲಿರುವ ಸೈಕೋದ ಎನ್‌ಎಚ್ 35 ಯಂತ್ರದ ದಪ್ಪ 5.32 ಮಿಲಿಮೀಟರ್, ಸಿಟಿಜನ್ ಬಳಗದ ಮಿಯೋಟಾ 9015 ಯಂತ್ರದ್ದು 3.9 ಮಿಲಿಮೀಟರ್. ಒಂದೂವರೆ ಮಿಲಿಮೀಟರಿನ ಈ ವ್ಯತ್ಯಾಸ ಕೈಗೆ ಕಟ್ಟಿದಾಗ ತಿಳಿಯುತ್ತದೆ.

ಅಂಕಿಗಳಷ್ಟೇ ಮುಖ್ಯ ಆಕಾರ. ಬೆಲ್ಟ್ ಸಿಕ್ಕಿಸುವ ಮೇಲಿನ ಕೊಂಬಿನಿಂದ ಕೆಳಗಿನ ಕೊಂಬಿನವರೆಗಿನ ಉದ್ದ ಮಣಿಕಟ್ಟಿನ ಅಗಲವನ್ನು ಮೀರಬಾರದು. ಅಂಚು ಇಳಿಜಾರಾಗಿದ್ದರೆ ಅಂಗಿಯ ತೋಳು ಸಿಕ್ಕಿಕೊಳ್ಳುವುದಿಲ್ಲ.

ಸೆಲ್ಲೋ, ಸ್ವಯಂಚಾಲಿತವೋ, ಸೌರವೋ?

ಈ ಮೂರು ತಾಲ್ಲೂಕುಗಳ ಮಟ್ಟಿಗೆ ಇದೇ ನಿರ್ಣಾಯಕ ಪ್ರಶ್ನೆ. ಬೆಂಗಳೂರಿನಲ್ಲಿ ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಮೇಲೆ ದಿನವೂ ಕೀಲಿ ಕೊಡುವ ವಾಚು ಕನ್ನಡಿಗರ ಮನೆಮನೆಗೆ ಬಂತು. ಆ ಕೀಲಿ ದಿನನಿತ್ಯ ತಿರುಗಿದಷ್ಟೂ ಅದರ ಸಂದು ಸವೆಯುತ್ತಿತ್ತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಮನೆಯ ಹಿರಿಯರ ಎಚ್‌ಎಂಟಿ ಇನ್ನೂ ಓಡುತ್ತಿದ್ದರೆ ಅದನ್ನು ಮಳೆಗೆ ಒಡ್ಡದಿರುವುದೇ ಲೇಸು.

ಸೆಲ್ ಹಾಕುವ ಕ್ವಾರ್ಟ್ಜ್ ವಾಚು ತೆಳುವಾಗಿರಬಲ್ಲದು, ಸಮಯವೂ ನಿಖರ. ಆದರೆ ಎರಡು–ಮೂರು ವರ್ಷಕ್ಕೊಮ್ಮೆ ಸೆಲ್ ಬದಲಿಸಲು ಮುಚ್ಚಳ ತೆರೆಯಬೇಕು. ಒಮ್ಮೆ ತೆರೆದ ವಾಚನ್ನು ಹೊಸ ರಬ್ಬರ್ ಬಳೆ ಹಾಕಿ ಒತ್ತಡ ಪರೀಕ್ಷೆ ಮಾಡದೆ ಮುಚ್ಚಿದರೆ ಅದು ಡೈವ್ ವಾಚಾಗಿ ಉಳಿಯುವುದಿಲ್ಲ. ಇಂಥ ಪರೀಕ್ಷಾ ಯಂತ್ರ ಎಲ್ಲ ಅಂಗಡಿಗಳಲ್ಲಿ ಇರುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಆಷಾಢದ ತೇವದ ಗಾಳಿಯಲ್ಲಿ ಮುಚ್ಚಳ ತೆರೆದು ಮುಚ್ಚಿದರೆ ಆ ತೇವವೇ ಒಳಗೆ ಬಂಧಿಯಾಗುತ್ತದೆ. ಮುಂದೆ ಗಾಜು ತಣ್ಣಗಾದೊಡನೆ ಅದು ಮಂಜಾಗಿ ಕಾಣಿಸಿಕೊಳ್ಳುತ್ತದೆ. ನೀರು ಹೊರಗಿನಿಂದ ಬಂದಿರುವುದೇ ಇಲ್ಲ! ಸೆಲ್ ಬದಲಿಸುವ ಕೆಲಸವನ್ನು ಡಿಸೆಂಬರಿನಿಂದ ಮಾರ್ಚ್ ನಡುವಿನ ಒಣ ದಿನಗಳಲ್ಲಿ ಮುಗಿಸಿಕೊಳ್ಳುವುದು ಜಾಣತನ.

ಹಾಗಾಗಿ ಬೆಳಕಿನಿಂದ ಚಾರ್ಜ್ ಆಗುವ ಸೌರ ವಾಚು ಇಲ್ಲಿಗೆ ಹೆಚ್ಚು ಹೊಂದುತ್ತದೆ. ಮುಚ್ಚಳ ತೆರೆಯುವ ಪ್ರಸಂಗ ಬಹಳ ವರ್ಷ ಬರುವುದಿಲ್ಲ. ಮೋಡದ ದಿನಗಳ ಭಯ ಬೇಡ. ಪೂರ್ತಿ ಚಾರ್ಜ್ ಆದದ್ದು ಕತ್ತಲಲ್ಲೂ ತಿಂಗಳುಗಟ್ಟಲೆ ಓಡುತ್ತದೆ. ಯಂತ್ರದ ಸೊಗಸು ಬೇಕೆನ್ನುವವರು ಸ್ವಯಂಚಾಲಿತವನ್ನು ಆರಿಸಬಹುದು. ಕೆಲವು ವರ್ಷಗಳಿಗೊಮ್ಮೆ ಸರ್ವಿಸ್ ಖರ್ಚಿಗೆ ಸಿದ್ಧರಿರಬೇಕು.

ತೋಟ, ಬಚ್ಚಲು, ಸಮುದ್ರ

ಅಡಿಕೆಯ ಕೊಳೆ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವೂ ಸುಣ್ಣವೂ ಇವೆ. ಹಿತ್ತಾಳೆಗೆ ಲೇಪ ಕೊಟ್ಟ ಅಗ್ಗದ ಕವಚ ಇದಕ್ಕೆ ಬಹುಕಾಲ ಬಾಳದು. 316ಎಲ್ ದರ್ಜೆಯ ಸ್ಟೀಲ್ ಅಥವಾ ಟೈಟಾನಿಯಂ ಇರಲಿ. ಸುಣ್ಣದ ಕಣ ಬೆಜೆಲ್ ಸಂದಿನಲ್ಲಿ ಕೂತು ಬಿಗಿಯಾಗುವುದರಿಂದ ಕೆಲಸ ಮುಗಿದೊಡನೆ ಸಿಹಿನೀರಿನಲ್ಲಿ ತೊಳೆಯಬೇಕು. ಚರ್ಮದ ಬೆಲ್ಟನ್ನು ಮಳೆಗಾಲ ಮುಗಿಯುವವರೆಗೆ ತೆಗೆದಿಟ್ಟು ರಬ್ಬರ್, ನೈಲಾನ್ ಅಥವಾ ಸ್ಟೀಲ್ ಚೈನ್ ಬಳಸಬಹುದು.

ಹಂಡೆಯ ಬಿಸಿನೀರಿನ ಸ್ನಾನಕ್ಕೆ ಯಾವ ವಾಚೂ ಬೇಡ. ಬಿಸಿಗೆ ಹಿಗ್ಗಿ ತಣ್ಣೀರಿಗೆ ಕುಗ್ಗುವ ಸಂದುಗಳಲ್ಲಿ ಆವಿ ನುಸುಳುತ್ತದೆ; ಸೋಪು ರಬ್ಬರನ್ನು ಕೆಡಿಸುತ್ತದೆ.

ನಿಜವಾಗಿ ಮುಳುಗುವ ಅವಕಾಶವೂ ಇದೇ ಜಿಲ್ಲೆಯಲ್ಲಿದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಸ್ಕೂಬಾ ಡೈವಿಂಗ್‌ಗೆ ಹೆಸರಾಗಿದೆ. ಹವ್ಯಾಸಿಗಳ ಗರಿಷ್ಠ ಮಿತಿ 40 ಮೀಟರ್. ಹೊಸಬರು ಅದರ ಅರ್ಧಕ್ಕೂ ಇಳಿಯುವುದಿಲ್ಲ. ಅಲ್ಲಿಗೆ ಹೋಗುವ ಮುನ್ನ ಹಳೆಯ ವಾಚಿಗೆ ಒತ್ತಡ ಪರೀಕ್ಷೆ ಕಡ್ಡಾಯ.

ಕೊಳ್ಳುವ ಮುನ್ನ

* ನೀರಿನ ಅಳತೆ 100 ಮೀಟರಿಗೆ ಕಡಿಮೆ ಇರಬಾರದು. 200 ಮೀಟರ್ ಉತ್ತಮ.

* ಕೀಲಿ ತಿರುಪು ಸ್ಕ್ರೂವಿನಂತೆ ಬಿಗಿಯಾಗುವಂಥದಿರಲಿ. ಒದ್ದೆ ಕೈಯಲ್ಲಿ ಅದನ್ನು ತೆರೆಯಬಾರದು.

* ಅಗಲ 40, ದಪ್ಪ 12 ಮಿಲಿಮೀಟರಿನೊಳಗೆ ಇರಲಿ. ತುಂಬುತೋಳಿನ ಅಂಗಿ ತೊಟ್ಟೇ ಅಂಗಡಿಗೆ ಹೋಗಿ ಕಟ್ಟಿ ನೋಡುವುದು ಒಳಿತು.

* ರಬ್ಬರ್ ಬಳೆ ಬದಲಿಸಿ ಒತ್ತಡ ಪರೀಕ್ಷೆ ಮಾಡುವ ಸೇವಾ ಕೇಂದ್ರ ಎಲ್ಲಿದೆ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಬೇಕು. ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕಾದರೆ ಆ ವೆಚ್ಚವೂ ವಾಚಿನ ಬೆಲೆಯ ಭಾಗವೇ.

* ಗಾಜಿನೊಳಗೆ ಮಂಜು ಕಂಡರೆ ಬಿಸಿಲಿಗಿಟ್ಟು ಸುಮ್ಮನಾಗಬಾರದು. ಮಂಜು ಹೋದರೂ ತೇವ ಒಳಗೇ ಇರುತ್ತದೆ. ಕೂಡಲೇ ಬಿಚ್ಚಿಸಿ ಒಣಗಿಸದಿದ್ದರೆ ಕೆಲವೇ ವಾರಗಳಲ್ಲಿ ಯಂತ್ರಕ್ಕೆ ತುಕ್ಕು ಹತ್ತುತ್ತದೆ.